ಡೇರೆಯಲ್ಲಿ ಕೇಳಿದ ಫೈನಲ್

ನಮ್ಮ ಮನೆಯಲ್ಲಿ ಕತ್ತರಿ ಬೇಕಾದರೆ ಸಹಿ ಹಾಕಬೇಕಿತ್ತು. ಅಪ್ಪ ಕುವೈತಿನ ಶುವೈಖ್ ಬಂದರಿನ ಹತ್ತಿರದ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಅಲ್ಲಿನ ಕ್ರಮವನ್ನೇ ಅವರು ರಿಗ್ಗೈಯ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೂ ತಂದಿದ್ದರು. ಅಡುಗೆಮನೆಯ ಬಾಗಿಲಿನ ಒಳಬದಿಯಲ್ಲಿ ಸಾಲಾಗಿ ಮೊಳೆಗಳು, ಒಂದೊಂದು ಮೊಳೆಗೂ ದಾರದಲ್ಲಿ ಕಟ್ಟಿದ ಗಟ್ಟಿ ಕಾಗದದ ಚೀಟಿ. ಕತ್ತರಿಗೊಂದು, ಟಾರ್ಚಿಗೊಂದು, ಸೂಜಿಡಬ್ಬಿಗೊಂದು, ಟೇಪ್‌ರೆಕಾರ್ಡರಿಗೊಂದು. ವಸ್ತುವನ್ನು ತೆಗೆದವರು ಹೆಸರು ಮತ್ತು ಗಂಟೆ ಬರೆಯಬೇಕು; ತಂದಿಟ್ಟಾಗ ಮತ್ತೆ ಗಂಟೆ ಬರೆದು ಅಡ್ಡಗೀಟು ಎಳೆಯಬೇಕು. ನಾನು ಓದಲು ಕಲಿತ ಮೇಲೆ ಬರೆದ ಮೊದಲ ಪದಗಳಲ್ಲಿ ‘ಟಾರ್ಚ್’ ಒಂದು. ಬೆಳಿಗ್ಗೆ ಐದೂ ಹತ್ತಕ್ಕೆ ಏಳುವುದು, ಐದೂಮುಕ್ಕಾಲಕ್ಕೆ ಸ್ನಾನ ಮುಗಿಸಿರುವುದು, ಆರಕ್ಕೆ ದೇವರಿಗೆ ದೀಪ, ಆರೂಕಾಲಕ್ಕೆ ದೋಸೆ. ರಜೆಯ ದಿನವೂ ಇದರಲ್ಲಿ ಬದಲಾವಣೆ ಇರಲಿಲ್ಲ. ಇಷ್ಟನ್ನೂ ಕಷ್ಟವೆಂದು ನಾನು ತಿಳಿದಿರಲಿಲ್ಲ. ಎಲ್ಲರ ಮನೆಯ ಬಾಗಿಲಿನಲ್ಲೂ ಮೊಳೆಗಳಿರುತ್ತವೆ ಎಂದುಕೊಂಡಿದ್ದೆ. ಚೀಟಿಗೆ ಸಹಿ ಹಾಕದೆ ಬದುಕಿದವಳು ಆ ಮನೆಯಲ್ಲಿ ಅಮ್ಮ ಒಬ್ಬಳೇ.

“ನನ್ನ ಅಡುಗೆಮನೆಯ ಕತ್ತರಿಗೆ ನಾನೇ ಸಹಿ ಹಾಕುದಾ? ನಾಳೆ ಉಪ್ಪಿಗೂ ಒಂದು ಚೀಟಿ ಮಾಡಿ.”

“ಉಪ್ಪು ವಾಪಸು ಬರುವ ಮಾಲಲ್ಲ, ಸುಶೀಲ” ಎನ್ನುತ್ತಿದ್ದರು ಅಪ್ಪ, ತಮಾಷೆಯ ಲವಲೇಶವೂ ಇಲ್ಲದೆ.

ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಸುನಂದಕ್ಕ ಆಗ ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಳು. ಹಾಸ್ಟೆಲಿನಲ್ಲಿದ್ದಳು, ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಏಳನೆಯ ನಂಬರಿನ ಆಟಗಾರ್ತಿ. ಅವಳು ಆಡುವುದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಎರಡು ವರ್ಷದಿಂದ ಅವಳನ್ನೇ ನೋಡಿರಲಿಲ್ಲ. ಆದರೂ ಅವಳ ತಂಡದ ಒಂದೊಂದು ಮ್ಯಾಚೂ ನಮಗೆ ಗೊತ್ತಿತ್ತು. ಅದಕ್ಕೆ ಕಾರಣ ಅಮ್ಮನ ತಮ್ಮ, ನಮ್ಮ ಮಾವ. ಮಾವನ ಕೆಲಸ ಜೀಪಿನಲ್ಲಿ ಮೈಕು ಹಿಡಿದು ಊರೂರು ಸುತ್ತುತ್ತ ಸೀರೆಯ ಸೇಲು, ನಾಟಕ, ಸಿನಿಮಾಗಳ ಪ್ರಚಾರ ಮಾಡುವುದು. ಸ್ವರ ಗಟ್ಟಿ, ಪದಗಳಿಗೆ ಬರವಿಲ್ಲ. ಸುನಂದಕ್ಕನ ಮ್ಯಾಚಿದ್ದ ದಿನ ಅವರು ಟೇಪ್‌ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಅಂಗಣದ ಪಕ್ಕ ಕುಳಿತು ಎರಡನೆಯ ಅರ್ಧದ ಆಟವನ್ನು ಪೂರ್ತಿ ವರ್ಣಿಸಿ, ಆ ಕ್ಯಾಸೆಟ್ಟನ್ನು ಕುವೈತಿಗೆ ಬರುವ ಯಾರ ಕೈಯಲ್ಲಾದರೂ ಕಳಿಸುತ್ತಿದ್ದರು. ಕ್ಯಾಸೆಟ್ಟಿನ ಎ ಸೈಡಿನಲ್ಲಿ ಮ್ಯಾಚು. ಬಿ ಸೈಡ್ ಖಾಲಿ. ಅದರಲ್ಲಿ ನಾವು ಮನೆಯ ಸುದ್ದಿ ಹೇಳಿ ವಾಪಸು ಕಳಿಸಬೇಕು. ಎ ಸೈಡ್ ಅವರದು, ಬಿ ಸೈಡ್ ನಮ್ಮದು. ಈ ಒಪ್ಪಂದ ಒಮ್ಮೆಯೂ ತಪ್ಪಿರಲಿಲ್ಲ.

ಕೇಳುವುದಕ್ಕೂ ಕ್ರಮವಿತ್ತು. ಕೇರಂ ಬೋರ್ಡಿನಷ್ಟು ದೊಡ್ಡ ಪ್ಲೈವುಡ್ ಹಲಗೆಯ ಮೇಲೆ ಅಪ್ಪ ಬಾಸ್ಕೆಟ್‌ಬಾಲ್ ಅಂಗಣವನ್ನು ಅಳತೆ ತಪ್ಪದೆ ಬಿಡಿಸಿದ್ದರು. ನಮ್ಮ ತಂಡಕ್ಕೆ ಐದು ನೀಲಿ ಸೋಡಾ ಮುಚ್ಚಳ, ಎದುರಾಳಿಗೆ ಐದು ಕೆಂಪು, ಚೆಂಡಿಗೆ ಒಂದು ಕಡಲೆಕಾಳು. ಏಳನೆಯ ನಂಬರಿನ ಮುಚ್ಚಳಕ್ಕೆ ಅಮ್ಮ ಉಗುರಿನ ಬಣ್ಣ ಹಚ್ಚಿದ್ದಳು. ಮಾವ ಹೇಳಿದಂತೆ ಮುಚ್ಚಳ ಸರಿಸುವುದು ನನ್ನ ಕೆಲಸ, ರೂಲು ಹಾಕಿದ ಪುಸ್ತಕದಲ್ಲಿ ಪಾಯಿಂಟು ಬರೆಯುವುದು ಅಪ್ಪನದು. ಮೊನ್ನೆ ಇದನ್ನು ನನ್ನ ಮೊಮ್ಮಗಳಿಗೆ ಹೇಳಿದೆ. ಅವಳು ಈಗ ಅದೇ ಮಂಗಳೂರಿನ ಕಾಲೇಜು ಮ್ಯಾಚುಗಳನ್ನು ಇಲ್ಲೇ ಕುವೈತಿನ ಎಗೈಲಾದ ಶಾಪಿಂಗ್ ಮಾಲಿನಲ್ಲಿ ಐಸ್‌ಕ್ರೀಮು ತಿನ್ನುತ್ತ ಫೋನಿನಲ್ಲಿ ನೋಡುವವಳು. “ಬಟ್ ಅಜ್ಜಿ, ವೈ ಡಿಡಂಟ್ ಯು ಜಸ್ಟ್ ಕಾಲ್ ದೆಮ್?” ಎಂದಳು. ಟ್ರಂಕ್ ಕಾಲ್ ಎಂದರೆ ಏನೆಂದು ವಿವರಿಸಬಹುದಿತ್ತು. ನಿಜವಾದ ಕಾರಣ ಅದಲ್ಲ. ಫಲಿತಾಂಶವನ್ನು ಮಾತ್ರ ತಿಳಿದುಕೊಳ್ಳುವುದು ಆಟಕ್ಕೂ ಆಡಿದವಳಿಗೂ ಮರ್ಯಾದೆಯಲ್ಲ ಎಂಬುದು ಅಪ್ಪನ ಅಭಿಪ್ರಾಯವಾಗಿತ್ತು.

ಕ್ಯಾಸೆಟ್ಟುಗಳನ್ನು ಬಂದ ಕೂಡಲೆ ಕೇಳುವಂತೆಯೂ ಇರಲಿಲ್ಲ. ಚಳಿಗಾಲದಲ್ಲಿ ಅಪ್ಪನ ಕಫೀಲ್, ಅಂದರೆ ಅವರಿಗೆ ವೀಸಾ ಕೊಟ್ಟ ಕುವೈತಿ ಯಜಮಾನರು, ಅಹ್ಮದಿ ಪಟ್ಟಣದಿಂದಾಚೆಗಿನ ಮರುಭೂಮಿಯಲ್ಲಿ ಡೇರೆಗಳನ್ನು ಹಾಕಿಸುತ್ತಿದ್ದರು. ತಾವು ಹೋಗದ ವಾರಗಳಲ್ಲಿ ಕೆಲಸಗಾರರ ಕುಟುಂಬಗಳಿಗೆ ಬಿಟ್ಟುಕೊಡುತ್ತಿದ್ದರು. ಆಗ ವಾರದ ರಜೆ ಗುರುವಾರ ಮಧ್ಯಾಹ್ನ ಮತ್ತು ಶುಕ್ರವಾರ. ಚಳಿಗಾಲಕ್ಕೆ ಎರಡು ಸಲ ನಮ್ಮ ಸರದಿ ಬರುತ್ತಿತ್ತು. ಮ್ಯಾಚು ಕೇಳುವುದು ಅಲ್ಲಿ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಮನೆಯಲ್ಲಿ ಕೇಳಿದರೆ ಕೆಲಸ ಕೆಡುತ್ತದೆ, ನೆರೆಯವರಿಗೆ ಗದ್ದಲ. ಅಲ್ಲಿಯವರೆಗೆ ಕ್ಯಾಸೆಟ್ಟು ಬಿಸ್ಕತ್ತಿನ ಡಬ್ಬಿಯಲ್ಲಿ, ಡಬ್ಬಿ ಕಪಾಟಿನ ಮೇಲೆ, ಉಸ್ತುವಾರಿ ನನ್ನದು. ಹನ್ನೊಂದು ವರ್ಷದ ನನಗೆ ಅದಕ್ಕಿಂತ ದೊಡ್ಡ ಹುದ್ದೆ ಇರಲಿಲ್ಲ.

ಆ ವರ್ಷ ಬಂದದ್ದು ಫೈನಲಿನ ಕ್ಯಾಸೆಟ್ಟು. ಅದರ ಮೇಲೆ ಬರೀ ಆಟ ನಿಂತಿರಲಿಲ್ಲ. ಅಪ್ಪ ತಮ್ಮ ಕಫೀಲನಿಗೆ ಹೇಳಿ ಸುನಂದಕ್ಕನಿಗೆ ಅದೇ ಕಂಪೆನಿಯ ಆಫೀಸಿನಲ್ಲಿ ಟೈಪಿಂಗ್ ಕೆಲಸವನ್ನೂ ವೀಸಾವನ್ನೂ ಗೊತ್ತು ಮಾಡಿದ್ದರು. ಅಕ್ಕನಿಗೆ ಅದು ಬೇಡ; ವ್ಯಾಯಾಮ ಶಿಕ್ಷಣದ ಕೋರ್ಸು ಸೇರಿ ಆಟ ಕಲಿಸುವ ಟೀಚರಾಗಬೇಕು. ಪತ್ರದ ಮೇಲೆ ಪತ್ರ ಓಡಾಡಿ, ಕೊನೆಗೆ ಅವಳೇ ಬರೆದಳು: ಈ ವರ್ಷ ಫೈನಲ್ ಗೆದ್ದರೆ ಕೋರ್ಸಿಗೆ ಬಿಡಿ, ಸೋತರೆ ಪರೀಕ್ಷೆ ಮುಗಿಸಿ ನೀವು ಹೇಳಿದ ವಿಮಾನಕ್ಕೆ ಹತ್ತುತ್ತೇನೆ. ಅಪ್ಪ ‘ಒಪ್ಪಿದೆ’ ಎಂದು ಒಂದೇ ಪದದ ಉತ್ತರ ಕಳಿಸಿದರು. ಅಮ್ಮ ಎರಡು ದಿನ ಅವರೊಡನೆ ಸರಿಯಾಗಿ ಮಾತಾಡಲಿಲ್ಲ.

“ಮಗಳು ಎಲ್ಲಿರಬೇಕು ಅಂತ ಒಂದು ಚೆಂಡು ಹೇಳುದಾ?”

“ನಾನು ಇಟ್ಟ ಶರ್ತ ಅಲ್ಲ. ಅವಳೇ ಇಟ್ಟದ್ದು. ಮಾತು ಅಂದ್ರೆ ಮಾತು.”

ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ನನ್ನ ಕಪಾಟಿನ ಮಧ್ಯದ ಅರೆಯನ್ನು ಖಾಲಿ ಮಾಡಿ, ಒರೆಸಿ, ಹೊಸ ಕಾಗದ ಹಾಸಿದಳು. ಯಾರಿಗೆ ಎಂದು ಹೇಳಲಿಲ್ಲ. ನನಗೆ ಗೊತ್ತಾಯಿತು, ಸಂತೋಷವೂ ಆಯಿತು. ಅಕ್ಕ ನನ್ನ ಮಂಚದಲ್ಲೇ ಮಲಗುವಳು ಎಂದು ದಿಂಬನ್ನು ಒಂದು ಬದಿಗೆ ಸರಿಸಿ ಮಲಗುವ ಅಭ್ಯಾಸ ಶುರುಮಾಡಿದೆ. ಫೈನಲ್ ಸೋಲಬೇಕು ಎಂದು ನಾನು ದೇವರಲ್ಲಿ ಕೇಳಲಿಲ್ಲ. ಗೆಲ್ಲಲಿ ಎಂದೂ ಕೇಳಲಿಲ್ಲ.

ತಪ್ಪು ನಡೆದದ್ದು ಬುಧವಾರ. ಶನಿವಾರ ನಮ್ಮ ಕೆಳಗಿನ ಮಹಡಿಯ ಡಿಸೋಜರ ಪರಿಚಯದವರೊಬ್ಬರು ಊರಿಗೆ ಹೊರಡುವವರಿದ್ದರು. ಶುಕ್ರವಾರ ಸಂಜೆ ಡೇರೆಯಿಂದ ಬಂದು, ಸುದ್ದಿ ರೆಕಾರ್ಡು ಮಾಡಿ, ಪೊಟ್ಟಣ ಕಟ್ಟಿ ಕೊಡುವುದು ಅವಸರದ ಕೆಲಸ. ಅವಸರದ ಕೆಲಸವನ್ನು ಮೊದಲೇ ಮುಗಿಸಿಡುವವರೇ ಜಾಣರು ಎಂದು ದಿನವೂ ಕೇಳಿ ಬೆಳೆದವಳು ನಾನು. ಶಾಲೆಯಿಂದ ಬಂದವಳೇ ಟೇಪ್‌ರೆಕಾರ್ಡರಿನ ಚೀಟಿಗೆ ಸಹಿ ಹಾಕಿ, ಡಬ್ಬಿ ಇಳಿಸಿ, ಬಿ ಸೈಡನ್ನು ಮೇಲೆ ಮಾಡಿ ಹಾಕಿದೆ. ಟೇಪು ಶುರುವಿನಲ್ಲಿರಲಿಲ್ಲ, ಸ್ವಲ್ಪ ಮುಂದೆ ಓಡಿತ್ತು. ಮಾವನ ಅಶಿಸ್ತು ಎಂದುಕೊಂಡು ಅದನ್ನು ಪೂರ್ತಿ ಹಿಂದಕ್ಕೆ ಸುತ್ತಿದೆ. ಒಂದು ಕ್ಷಣ ಒತ್ತಿ ಕೇಳಬಹುದಿತ್ತು. ಡೇರೆಗೆ ಮೊದಲು ಯಾರೂ ಕೇಳಕೂಡದು ಎಂಬುದು ನಿಯಮ, ನಿಯಮ ಕಾಯುವವಳೇ ನಾನು. ಕೇಳಲಿಲ್ಲ. ಮೊದಲೇ ಬರೆದಿಟ್ಟುಕೊಂಡ ಹನ್ನೊಂದು ಅಂಶಗಳ ವರದಿಯನ್ನು ಓದಿ ರೆಕಾರ್ಡು ಮಾಡಿ, ಟೇಪನ್ನು ಎ ಸೈಡಿನ ಆರಂಭಕ್ಕೆ ತಂದು, ಡಬ್ಬಿ ಮೇಲಿಟ್ಟು, ಚೀಟಿಗೆ ಗೀಟೆಳೆದೆ.

ಗುರುವಾರ ಡಿಸೋಜರ ಪಿಕಪ್ಪಿನಲ್ಲಿ ಹೊರಟೆವು. ಡಿಸೋಜರು ಶುವೈಖಿನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವರ ಹೆಂಡತಿ ಐರಿನ್ ಆಂಟಿ ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಮನೆಯಲ್ಲಿ ತುಳು, ಅವರ ಮನೆಯಲ್ಲಿ ಕೊಂಕಣಿ, ಎರಡು ಮನೆ ಸೇರಿದಾಗ ಕನ್ನಡ. ಅಮ್ಮ ಬಿಸ್ಕತ್ತಿನ ದೊಡ್ಡ ಡಬ್ಬಿಯಲ್ಲಿ ಗರಿಗರಿ ಅಕ್ಕಿ ರೊಟ್ಟಿ ಮುರಿಯದಂತೆ ಜೋಡಿಸಿ, ಕೋಳಿ ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಬಿಗಿದು ಕಾಲ ನಡುವೆ ಇಟ್ಟುಕೊಂಡಿದ್ದಳು. ಐರಿನ್ ಆಂಟಿಯದು ಇಡ್ಲಿಯಂಥ ಸಾನ್ನ. ಡೇರೆಯ ಒಳಗೋಡೆ ಕೆಂಪು ಕಪ್ಪು ಪಟ್ಟೆಯದು, ನೆಲಕ್ಕೆ ದಪ್ಪ ಜಮಖಾನ, ನಡುವೆ ಇದ್ದಲಿನ ಕಬ್ಬಿಣದ ಒಲೆ. ಬೆಳಿಗ್ಗೆ ಎದ್ದರೆ ಹೊರಗೆ ಮಂಜು. ಡೇರೆಯ ಹಗ್ಗಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಮರಳು ಅಂಗಾಲಿಗೆ ಕೊರೆಯುತ್ತಿತ್ತು. ಅಲ್ಲಿಯೂ ಐದೂ ಹತ್ತಕ್ಕೇ ಎದ್ದೆವು. ಅಪ್ಪ ಮರಳಿನಲ್ಲಿ ಅತ್ತಿಂದಿತ್ತ ನಲವತ್ತು ಸುತ್ತು ನಡೆದರು, ನಾನು ಎಣಿಸಿದೆ. ಡಿಸೋಜರು ಎಂಟಕ್ಕೆ ಎದ್ದು, “ಶೆಟ್ರೇ, ರಜೆಗೆ ಬಂದದ್ದಾ, ಮಿಲಿಟ್ರಿಗೆ ಸೇರಿದ್ದಾ?” ಎಂದು ಅಪ್ಪನನ್ನು ಕೇಳಿದರು. ಪ್ರತಿ ವರ್ಷ ಕೇಳುತ್ತಿದ್ದರು.

ಹತ್ತು ಗಂಟೆಗೆ ಬಿಸಿಲು ಬಂದಿತ್ತು. ಡೇರೆಯ ಬಾಗಿಲಿನ ಬಟ್ಟೆ ಎತ್ತಿ ಕಟ್ಟಿ, ಹಲಗೆ ಹಾಸಿ, ಮುಚ್ಚಳಗಳನ್ನು ನಿಲ್ಲಿಸಿದೆ. ಅಪ್ಪ ಪುಸ್ತಕ ತೆರೆದು ಗೀಟೆಳೆದು, ಟೇಪು ಒತ್ತಿದರು.

“ಭಾವಾ, ಅಕ್ಕಾ, ಶಶೀ, ಡಿಸೋಜರೇ, ಎಲ್ಲರೂ ಕೂತಿದ್ದೀರಲ್ಲ? ಮೊದಲ ಅರ್ಧ ಮುಗಿಯಿತು. ನಮ್ಮವರು ಹದಿನೆಂಟು, ಅವರು ಇಪ್ಪತ್ತೊಂದು. ಇನ್ನು ನೋಡಿ ನಮ್ಮ ಹುಡುಗಿಯರ ಪ್ರತಾಪ! ಅಕ್ಕಾ, ನಿನ್ನ ಮಗಳು ಕೂದಲು ಗಟ್ಟಿ ಕಟ್ಟಿದ್ದಾಳೆ, ಹೊಟ್ಟೆ ತುಂಬ ತಿಂದಿದ್ದಾಳೆ, ಹೆದರಬೇಡ!”

ಅರ್ಧ ಗಂಟೆ ಯಾರೂ ಕಾಲು ಚಾಚಲಿಲ್ಲ. ಆ ದಿನ ಫೌಲುಗಳು ಹೆಚ್ಚಾಗಿ ಆಟ ನಿಂತು ನಿಂತು ನಡೆದಿತ್ತು. ಸಾಮಾನ್ಯವಾಗಿ ಆಟ ನಿಂತಾಗ ಮಾವ ಟೇಪನ್ನೂ ನಿಲ್ಲಿಸುತ್ತಿದ್ದರು. ಫೈನಲಿನ ಉದ್ವೇಗದಲ್ಲಿ ಮರೆತಿದ್ದರು. ಇಪ್ಪತ್ತೆಂಟು ಮೂವತ್ತು. ಮೂವತ್ತನಾಲ್ಕು ಮೂವತ್ತೈದು. ಐರಿನ್ ಆಂಟಿ ಕೊರಳಿನ ಶಿಲುಬೆ ಹಿಡಿದುಕೊಂಡರು. ಉಗುರಿನ ಬಣ್ಣದ ಮುಚ್ಚಳವನ್ನು ನಾನು ಎಷ್ಟು ಓಡಿಸಿದೆನೆಂದರೆ ಹಲಗೆಯ ಮೇಲೆ ಗೀರು ಬಿತ್ತು. ಅಮ್ಮನಿಗೆ ಅವಳು ಸೋತು ಮನೆಗೆ ಬರಬೇಕಿತ್ತು. ಆದರೂ ಏಳನೆಯ ನಂಬರು ಬುಟ್ಟಿಗೆ ಹಾಕಿದಾಗಲೆಲ್ಲ ನೆಲ ಗುದ್ದುತ್ತಿದ್ದವಳು ಅಮ್ಮನೇ.

“ಎರಡು ನಿಮಿಷ ಉಂಟು! ಮೂವತ್ತೆಂಟು, ಮೂವತ್ತೆಂಟು, ಸಮ ಸಮ! ಸುನಂದನನ್ನು ಬೀಳಿಸಿದರು ಭಾವಾ, ಫೌಲು! ಎರಡು ಫ್ರೀ ಥ್ರೋ ಅವಳಿಗೆ. ಯಾರೂ ಅಡ್ಡ ಬರುವ ಹಾಗಿಲ್ಲ, ಗೆರೆಯ ಹಿಂದೆ ನಿಂತಿದ್ದಾಳೆ, ಚೆಂಡು ಕೈಯಲ್ಲಿ… ನಿಲ್ಲಿ ನಿಲ್ಲಿ, ಟೇಪು ಮುಗಿಯುವ ಹಾಗೆ ಕಾಣ್ತದೆ. ಮಗುಚಿ ಹಾಕ್ತೇನೆ. ಯಾರೂ ಏಳಬೇಡಿ!”

ಟಕ್ ಎಂದು ಗುಂಡಿ ಎದ್ದುಕೊಂಡಿತು. ಅಪ್ಪ ಕ್ಯಾಸೆಟ್ಟು ಹೊರತೆಗೆದು ಮಗುಚುವ ಆ ಮೂರು ನಾಲ್ಕು ಸೆಕೆಂಡುಗಳಲ್ಲಿ, ಅದರ ಮೇಲೆ ಏನಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ಅಪ್ಪ ಒತ್ತಿದರು.

“ಮಾವನಿಗೆ ಶಶಿಕಲಾ ಮಾಡುವ ನಮಸ್ಕಾರಗಳು. ಒಂದು: ನಾವೆಲ್ಲರೂ ಕ್ಷೇಮ. ಎರಡು: ಅಡುಗೆಮನೆಯ ನಲ್ಲಿ ರಿಪೇರಿ ಆಗಿದೆ. ಮೂರು: ಅಮ್ಮನ ಮಂಡಿನೋವು ಕಡಿಮೆಯಾಗಿದೆ…”

“ಅಯ್ಯೋ ಮಾರಾಯ್ರೆ! ಫ್ರೀ ಥ್ರೋ ಎಲ್ಲಿ ಹೋಯ್ತು? ನಲ್ಲಿಯ ಒಳಗೆ ಹೋಯ್ತಾ?” ಎಂದು ಡಿಸೋಜರು ನಕ್ಕರು.

“ಸುಮ್ಮನಿರಿ ನೀವು” ಎಂದು ಐರಿನ್ ಆಂಟಿ ಅವರ ತೊಡೆಗೆ ಹೊಡೆದರು.

ಅಪ್ಪ ಟೇಪು ನಿಲ್ಲಿಸಲಿಲ್ಲ. ನಾಲ್ಕು, ಐದು, ಆರು. ನನ್ನ ಗಣಿತದ ಅಂಕಗಳು, ಹೊಸ ಪರದೆ, ಲಿಫ್ಟು ಕೆಟ್ಟದ್ದು, ಹಾಲಿನವನು ಬದಲಾದದ್ದು. ನನ್ನ ಸ್ವರ ಸ್ಪಷ್ಟವಾಗಿತ್ತು, ಒಂದು ಉಚ್ಚಾರವೂ ತಪ್ಪಿರಲಿಲ್ಲ. ಹನ್ನೊಂದೂ ಮುಗಿದವು. “ಇಲ್ಲಿಗೆ ವರದಿ ಮುಗಿಯಿತು” ಎಂದು ಟೇಪಿನಲ್ಲಿ ನಾನೇ ಹೇಳಿದೆ. ಒಂದು ಸದ್ದು, ಆಮೇಲೆ ಒಮ್ಮೆಲೇ ಜನರ ಗಲಾಟೆ. ನಾನು ಅಳಿಸಿ ಉಳಿದ ತುಂಡು ಅದು. ಆಟ ಮುಗಿದಿತ್ತು. ಅಕ್ಕ ಮಾತಾಡುತ್ತಿದ್ದಳು, ಏದುಸಿರಿನಲ್ಲಿ.

“…ಇಲ್ಲ ಮಾವ, ನಾಳೆ ಮನೆಗೆ ಬರುದಿಲ್ಲ. ಬೆಳಿಗ್ಗೆ ಐದೂವರೆಗೆ ಗ್ರೌಂಡಿಗೆ ಹೋಗ್ಲಿಕ್ಕುಂಟು.”

“ಫೈನಲ್ ಮುಗಿಯಿತಲ್ಲ ಮಾರಾಯ್ತಿ. ಇನ್ನು ಯಾವ ಮ್ಯಾಚು?”

“ಮ್ಯಾಚಿಗಲ್ಲ. ದಿನಾ ನೂರು ಸಲ ಬುಟ್ಟಿಗೆ ಹಾಕುದಲ್ವಾ ನಾನು, ಇವತ್ತು ಹಾಕ್ಲಿಲ್ಲ. ನಾಳೆ ಇನ್ನೂರು.”

ಅಷ್ಟೇ. ಆಮೇಲೆ ಬರೀ ಸುಯ್ ಎನ್ನುವ ಟೇಪು. ಅಪ್ಪ ಅದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. ಅಕ್ಕ ಬರಲಿ ಎಂದು ನಾನು ದಿಂಬು ಸರಿಸಿ ಮಲಗುವುದು ಅವರಿಗೆ ಗೊತ್ತಿತ್ತು. ಮನೆಯಲ್ಲಿ ಅವರಿಗೆ ಗೊತ್ತಿಲ್ಲದ ವಸ್ತುವಿನ ಸ್ಥಾನಪಲ್ಲಟ ಯಾವುದೂ ಇರಲಿಲ್ಲ. ಹೊಡೆತಕ್ಕಿಂತ ನಾನು ಹೆದರಿದ್ದು ಅದಕ್ಕೆ: ಬೇಕೆಂದೇ ಮಾಡಿದಳು ಎಂದುಕೊಂಡರೆ?

“ಕೇಳಿ ಅಳಿಸಿದ್ದಾ, ಕೇಳದೆ ಅಳಿಸಿದ್ದಾ?”

“ಕೇಳದೆ.”

“ಟೇಪು ಶುರುವಿನಲ್ಲಿ ಇತ್ತಾ?”

“ಇರಲಿಲ್ಲ. ನಾನು ಹಿಂದೆ ಸುತ್ತಿದೆ. ಕೇಳುವ ಹಾಗೆ ಇರಲಿಲ್ಲ ಅಲ್ವಾ.”

ಅಪ್ಪ ಹಲಗೆಯ ಮೇಲಿನ ಮುಚ್ಚಳಗಳನ್ನು ನೋಡಿದರು. ಏಳನೆಯದು ಫ್ರೀ ಥ್ರೋ ಗೆರೆಯ ಹಿಂದೆ ಹಾಗೇ ನಿಂತಿತ್ತು.

“ಹೌದು. ಕೇಳಲಿಕ್ಕಿಲ್ಲ ಅಂತ ಹೇಳಿದವ ನಾನೇ” ಎಂದರು. “ನಿಯಮ ತಪ್ಪು. ಇನ್ನು ಮೇಲೆ ಮೊದಲು ಕೇಳು, ಆಮೇಲೆ ರೆಕಾರ್ಡು ಮಾಡು.”

ಶಿಕ್ಷೆ ಎಂದರೆ ಅಷ್ಟೇ. ಮುಂದೆ ನಾನು ಕುವೈತಿನಲ್ಲೇ ಒಂದು ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆಗಳ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ಹೊಸಬರಿಗೆ ನಾನು ಕಲಿಸುತ್ತಿದ್ದ ಮೊದಲ ಪಾಠ ಆ ವಾಕ್ಯವೇ. ಹಳೆಯದನ್ನು ಓದದೆ ಹೊಸದನ್ನು ಬರೆಯಬೇಡ. ನಿಯಮ ತಪ್ಪೆಂದು ನಿಯಮ ಮಾಡಿದವರೇ ಹೇಳಬಹುದು ಎಂಬುದನ್ನೂ ಆ ಡೇರೆಯಲ್ಲೇ ಕಲಿತೆ. ಅದನ್ನು ಕಲಿಸುವುದು ಮಾತ್ರ ಸುಲಭವಾಗಲಿಲ್ಲ.

ಡಿಸೋಜರು ಅಷ್ಟರಲ್ಲಿ ಎದ್ದು ಪಿಕಪ್ಪಿನ ಕೀಲಿ ತೆಗೆದಿದ್ದರು.

“ಯಲ್ಲಾ ಶೆಟ್ರೇ, ಅಹ್ಮದಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡುವ. ಗೆದ್ರಾ ಸೋತ್ರಾ ಕೇಳುವ, ಖಲಾಸ್.”

“ಬೇಡ” ಎಂದರು ಅಪ್ಪ.

“ಯಾಕೆ ಬೇಡ?” ಅಮ್ಮ ತಿರುಗಿಬಿದ್ದಳು. “ಸೋತರೆ ಬರುದು ಅಂತ ಮಾತಿತ್ತಲ್ಲ? ಮಾತು ಅಂದ್ರೆ ಮಾತು ಅಂದವರು ನೀವೇ.”

ಅಪ್ಪ ಟೇಪನ್ನು ಸ್ವಲ್ಪ ಹಿಂದಕ್ಕೆ ಸುತ್ತಿ ಕೊನೆಯ ತುಂಡನ್ನು ಮತ್ತೆ ಹಾಕಿದರು. ಇವತ್ತು ಹಾಕ್ಲಿಲ್ಲ, ನಾಳೆ ಇನ್ನೂರು. ಮತ್ತೊಮ್ಮೆ ಹಾಕಿದರು. ಗೆದ್ದ ಸ್ವರವೋ ಸೋತ ಸ್ವರವೋ ಎಂದು ಅಮ್ಮ ಐರಿನ್ ಆಂಟಿಯನ್ನು ಕೇಳಿದಳು; ದಿನವಿಡೀ ರೋಗಿಗಳ ಉಸಿರು ಕೇಳುವ ಆಂಟಿಗೂ ಗೊತ್ತಾಗಲಿಲ್ಲ. ಅಪ್ಪ ಹೊರಗೆ ಹೋಗಿ ಮರಳಿನಲ್ಲಿ ಎರಡು ಸುತ್ತು ನಡೆದು ಬಂದರು. ಪಾಯಿಂಟಿನ ಪುಸ್ತಕದ ಹಿಂದಿನಿಂದ ಒಂದು ಹಾಳೆಯನ್ನು, ಸ್ಕೇಲು ಇಟ್ಟು, ನೇರವಾಗಿ ಹರಿದರು.

“ಫೈನಲ್ ಮುಗಿದ ಮರುದಿನ ಐದೂವರೆಗೆ ಗ್ರೌಂಡಿಗೆ ಹೋಗಿ ಬಾಕಿ ತೀರಿಸುವವಳನ್ನು ಆಫೀಸಿನಲ್ಲಿ ಟೈಪ್ ಮಾಡ್ಲಿಕ್ಕೆ ಕೂರಿಸಿದ್ರೆ, ಅದು ಮಾಲನ್ನು ತಪ್ಪು ಕಪಾಟಿಗೆ ಹಾಕಿದ ಹಾಗೆ. ಮೂವತ್ತು ಜನ ನನ್ನ ಕೈ ಕೆಳಗೆ ಇದ್ದಾರೆ, ಸುಶೀಲ. ಯಾರೂ ಹೇಳದೆ ಹಾಗೆ ಮಾಡುವವ ಒಬ್ಬನಿಲ್ಲ.”

“ಮಗಳನ್ನು ನೋಡದೆ ಎರಡು ವರ್ಷ ಆಯ್ತು ನಂಗೆ” ಎಂದಳು ಅಮ್ಮ. ಅಪ್ಪ ಆ ಹಾಳೆಯಲ್ಲಿ ಅಕ್ಕನಿಗೆ ಪತ್ರ ಬರೆದರು. ಕೋರ್ಸಿಗೆ ಸೇರಿಕೋ ಎಂಬುದು ಅದರ ಸಾರ. ಗೆಲುವು ಸೋಲಿನ ಪ್ರಸ್ತಾಪವೇ ಅದರಲ್ಲಿರಲಿಲ್ಲ. ಮಧ್ಯಾಹ್ನ ರೊಟ್ಟಿಯ ಮೇಲೆ ಸಾರು ಸುರಿದುಕೊಂಡು ಎಲ್ಲರೂ ಊಟ ಮಾಡಿದೆವು. ಶನಿವಾರ ಬೆಳಿಗ್ಗೆ ಪತ್ರವೂ ಕ್ಯಾಸೆಟ್ಟೂ ಒಂದೇ ಪೊಟ್ಟಣದಲ್ಲಿ ಊರಿಗೆ ಹೋದವು.

ಮೂರು ವಾರ ಕಳೆದು ಮಾವನ ಪತ್ರ ಬಂತು. ಬಿ ಸೈಡ್ ಕೇಳಿ ಆಟದ ಕೊನೆ ಅಳಿಸಿಹೋದದ್ದು ಅವರಿಗೆ ಗೊತ್ತಾಗಿತ್ತು. ಸುನಂದನ ಎರಡೂ ಫ್ರೀ ಥ್ರೋ ರಿಂಗಿಗೆ ಬಡಿದು ಹೊರಗೆ ಬಿದ್ದವು, ಕೊನೆಯ ಗಳಿಗೆಯಲ್ಲಿ ಅವರು ಒಂದು ಬುಟ್ಟಿ ಹಾಕಿದರು, ಮೂವತ್ತೆಂಟು ನಲವತ್ತು. ಹುಡುಗಿ ಸೋತರೂ ಕೋರ್ಸಿಗೆ ಬಿಟ್ಟ ಭಾವನ ದೊಡ್ಡ ಮನಸ್ಸನ್ನು ಊರೆಲ್ಲ ಹೊಗಳುತ್ತಿದೆ ಎಂದೂ ಬರೆದಿದ್ದರು. ಅಪ್ಪ ಅಡುಗೆಮನೆಯಲ್ಲಿ ನಿಂತೇ ಅದನ್ನು ಗಟ್ಟಿಯಾಗಿ ಓದಿ, ಪಾಯಿಂಟಿನ ಪುಸ್ತಕ ತರಿಸಿ, ಖಾಲಿ ಬಿಟ್ಟ ಜಾಗದಲ್ಲಿ ಎರಡು ಸಂಖ್ಯೆ ಬರೆದು ಮುಚ್ಚಿದರು.

“ಸೋತಿದ್ದಾರಲ್ಲ” ಎಂದಳು ಅಮ್ಮ. “ಈಗ?”

“ಮಾಲು ಹೋಗಿ ಆಯ್ತಲ್ಲ. ಕಳಿಸಿದ ಮಾಲನ್ನು ವಾಪಸು ಕರೆಸುವ ಕ್ರಮ ಇಲ್ಲ.”

ಅಮ್ಮ ಒಳಗೆ ಹೋಗಿ ನನ್ನ ಕಪಾಟಿನ ಖಾಲಿ ಅರೆಯಲ್ಲಿ ಕಂಬಳಿಗಳನ್ನು ಇಟ್ಟು ಬಂದಳು. ಆಮೇಲೆ ಅಪ್ಪನ ಡ್ರಾಯರಿನಿಂದ ಒಂದು ಹೊಸ ಚೀಟಿ ತೆಗೆದು, ನನ್ನ ಪೆನ್ನು ಕೇಳಿ ಪಡೆದು, ನಿಧಾನವಾಗಿ ಬರೆದು, ಬಾಗಿಲಿನ ಕೊನೆಯ ಮೊಳೆಗೆ ತೂಗುಹಾಕಿದಳು. ಅವಳು ಆ ಬಾಗಿಲಿನಲ್ಲಿ ಬರೆದ ಮೊದಲ ಚೀಟಿ ಅದು. ವಸ್ತು: ಸುನಂದಾ. ಕೊಂಡುಹೋದವರು: ಅಪ್ಪ. ಮರಳಿಸಿದ ಗಂಟೆಯ ಜಾಗ ಖಾಲಿ. ಅಪ್ಪ ಅದನ್ನು ಓದಿದರು. ತೆಗೆಯಲಿಲ್ಲ.

ಮುಂದಿನ ಚಳಿಗಾಲದಲ್ಲಿ ಕೋರ್ಸಿನ ರಜೆ ಬಂದಾಗ ಅಪ್ಪ ಅಕ್ಕನಿಗೆ ಟಿಕೆಟ್ ಕಳಿಸಿದರು. ವಿಮಾನ ನಿಲ್ದಾಣದಿಂದ ಬಂದವರೇ ಅವಳ ಪೆಟ್ಟಿಗೆಯನ್ನು ಇನ್ನೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಗೋಡೆ ಗಡಿಯಾರ ನೋಡಿ, ಕೊನೆಯ ಚೀಟಿಯಲ್ಲಿ ಗಂಟೆ ಬರೆದರು: ನಾಲ್ಕೂ ಇಪ್ಪತ್ತು. ಗೀಟು ಎಳೆಯಲು ಸ್ಕೇಲು ಇಡುವಷ್ಟರಲ್ಲಿ ಅಮ್ಮ ಅವರ ಕೈ ಹಿಡಿದಳು.

“ಗೀಟು ಬೇಡ. ಹತ್ತು ದಿನಕ್ಕೆ ಬಂದದ್ದು ಅವಳು.”